ಹಾಸಿಗೆ ಇದ್ದಷ್ಟು

ಡ್ಯೂಸ್‌ಬರಿಯ ಸಂತೆಕಟ್ಟೆಗೆ ಎದುರು,
ಕುದುರೆಬಾಜಿ ಅಂಗಡಿಯ ಮೇಲಿನ ಕೋಣೆ.
ಕೆಟಲ್ ಕುದಿದು, ತಾನೇ ಆರಿದೆ.
ಪರದೆಯ ನೆತ್ತಿಯಲ್ಲಿ ಮೂರು ವಾರದಿಂದ ಒಂದು ಹಳದಿ ಪಟ್ಟಿ:
ಹಳೆಯ ಬಗೆಯ ಕ್ಯಾಂಪೇನು ಇನ್ನು ನಡೆಯುವುದಿಲ್ಲ,
ಹೊಸ ಬಗೆಗೆ ಸಾಗಿಸಿ. ನೀವು ಸಾಗಿಸದಿದ್ದರೆ
ನಾವೇ ಸಾಗಿಸುತ್ತೇವೆ.
ಏನು ವಿನಯ!
ಮನೆ ಖಾಲಿ ಮಾಡಿಸಲು ಬಂದವರು ಯಾವಾಗಲೂ
ಹೀಗೇ, ಬಹುವಚನದಲ್ಲಿ ಮಾತಾಡುತ್ತಾರೆ.

ಆರ್ಮಿಟೇಜ್ ಹಾಸಿಗೆ ಅಂಗಡಿಯ ಖಾತೆ ಇದು.
ದಿನಕ್ಕೆ ಹದಿನಾಲ್ಕು ಪೌಂಡು. ಅಷ್ಟರಲ್ಲೇ ಕಾಲು ಚಾಚಬೇಕು.
ನನಗಿಂತ ಮುಂಚೆ ಇಲ್ಲಿ ಕೂತಿದ್ದ ಕ್ಲೈವ್
ಒಂದೊಂದೇ ಜಾಗವನ್ನು ಕೈಯಾರೆ ಆರಿಸಿದ್ದ,
ಮಡಕೆ ಕೊಳ್ಳುವವರು ಬೆರಳಲ್ಲಿ ತಟ್ಟಿ ನೋಡುವ ಹಾಗೆ:
ಪಾರಿವಾಳ ಪಂದ್ಯದವರ ಪುಟ, ಬಸ್ಸಿನ ವೇಳಾಪಟ್ಟಿ,
ಬೆನ್ನುನೋವಿಗೆ ಸಲಹೆ, ಪದಬಂಧ,
ಬ್ಯಾಟ್ಲಿಯ ರಗ್ಬಿ ಸ್ಕೋರು.
ಬೇಡಗಳ ಪಟ್ಟಿ ಬೇರೆ.
ಅದರ ಮೊದಲ ಸಾಲಿಗೆ ಅವನದೇ ಟಿಪ್ಪಣಿ:
'ಸಾವಿನ ಸುದ್ದಿಯ ಪುಟ. ಇಲ್ಲಿ ಬೇಡ.
ಹಾಸಿಗೆ ಮಾರುವವರಿಗೂ ಸ್ವಲ್ಪ ಮರ್ಯಾದೆ ಇರಲಿ.'

ಹೊಸ ಬಗೆಯದು ಎಲ್ಲಿ ಎಂದು ಕೇಳುವುದಿಲ್ಲ,
ಯಾರಿಗೆ ಎಂದೂ.
ಐದು ಶೀರ್ಷಿಕೆ ಕೊಡು, ಮೂರು ಚಿತ್ರ ಕೊಡು, ಗುರಿ ಹೇಳು,
ಮಿಕ್ಕಿದ್ದು ನನಗೆ ಬಿಡು ಅನ್ನುತ್ತದೆ
ಮದುವೆ ಅಡುಗೆಯ ಗುತ್ತಿಗೆ ಹಿಡಿದವನ ಗತ್ತಿನಲ್ಲಿ.
ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ
ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ನೋಡಿದೆ.
ಮೂವತ್ತು ಅಕ್ಷರದ ಮಿತಿ.
ಚಿಂತೆ ಹಿಡಿಸಿತು, ನಿದ್ದೆ ಹಿಡಿಸಲಿಲ್ಲ.
ಕೊನೆಗೆ ಬರೆದದ್ದು: 'ಇಂದು ರಾತ್ರಿಯೇ ಹಾಯಾಗಿ ಮಲಗಿ.'

ಗುಂಡಿ ಒತ್ತಿದೆ. ವೃತ್ತವೊಂದು ತಿರುಗಿ ನಿಂತಿತು.
ಮನೆ ಬದಲಿಸುವಾಗ ಒಂದು ಡಬ್ಬಿ ತಪ್ಪಿಯೇ ತಪ್ಪುತ್ತದಲ್ಲ,
ಈ ಸಲ ತಪ್ಪಿದ್ದು
ಬೇಡಗಳದ್ದು.

ಒಂಬತ್ತನೆಯ ದಿನ ವರದಿ ತೆರೆದರೆ
ಪಾರಿವಾಳಕ್ಕೆ ಸೊನ್ನೆ, ರಗ್ಬಿಗೆ ಎರಡು.
ದುಡ್ಡೆಲ್ಲ ಹರಿದಿರುವುದು ಸಾವಿನ ಸುದ್ದಿಯ ಪುಟಕ್ಕೆ,
ಅದೂ ರಾತ್ರಿ ಎರಡರಿಂದ ನಾಲ್ಕರ ತನಕ.
ಮುಖ ಬಿಸಿಯಾಯಿತು.
'ಎಂಬತ್ತೊಂದನೆಯ ವಯಸ್ಸಿನಲ್ಲಿ, ಶಾಂತವಾಗಿ'
ಎಂಬ ಸಾಲಿಗೆ ಅಂಟಿಕೊಂಡೇ ನನ್ನ ಸಾಲು:
'ಇಂದು ರಾತ್ರಿಯೇ ಹಾಯಾಗಿ ಮಲಗಿ.'

ಬೈಸಿಕೊಳ್ಳೋಣವೆಂದೇ ಅಂಗಡಿಗೆ ಫೋನು ಮಾಡಿದೆ.
ಐವಿ ಆರ್ಮಿಟೇಜ್ ರಸೀದಿ ಎಣಿಸುತ್ತಿದ್ದಳು.
'ಹನ್ನೊಂದು ಹೋದವು ಕಣೇ, ಒಂದೇ ವಾರಕ್ಕೆ!
ಅದೇನು ಮಾಡಿದೆ ನೀನು?
ಸೋಜಿಗ ಅಂದರೆ, ಹನ್ನೊಂದೂ ಸಿಂಗಲ್.'

ವ್ಯಾನು ಓಡಿಸುವ ನದೀಮ್
ಜುಮ್ಮಾ ನಮಾಜಿಗೆ ಹೊರಟವನು ಮೆಟ್ಟಿಲಲ್ಲಿ ಸಿಕ್ಕ.
ಥಾರ್ನ್‌ಹಿಲ್ಲಿನ ಒಬ್ಬಾಕೆಗೆ ಹೊಸದನ್ನು ಇಳಿಸಿ
ಹಳೆಯ ಡಬಲ್ ಹೊತ್ತು ತಂದಿದ್ದನಂತೆ.
'ಎರಡು ಪಕ್ಕವೂ ತಗ್ಗು, ಆಳಿನ ಅಳತೆಗೆ.
ನಡುವೆ ಮಾತ್ರ ಹೊಚ್ಚ ಹೊಸದು, ಯಾರೂ ಮಲಗೇ ಇಲ್ಲ.
ತಿರುವಿನಲ್ಲಿ ಗೋಡೆಗೆ ಉಜ್ಜಬೇಡಿ, ಅವರಿಗೆ ಆಗೋದಿಲ್ಲ, ಅಂದಳು.
ಯಾರಿಗೆ ಅಂತ ನಾನು ಕೇಳಲಿಲ್ಲ.'

ಮೇಲೆ ಬಂದು ಕೂತೆ. ಹಳದಿ ಪಟ್ಟಿ ಹೋಗಿ ಹಸಿರು ಬಂದಿದೆ:
ನಿಮ್ಮ ಕ್ಯಾಂಪೇನು ಕಲಿಯುತ್ತಿದೆ.
ಕ್ಲೈವನ ಪಟ್ಟಿ ಪಕ್ಕದಲ್ಲೇ ತೆರೆದಿದೆ,
ಒಂದು ಸಾಲು ಅಂಟಿಸಿದರೆ ಮರ್ಯಾದೆ ವಾಪಸು.
ಎರಡು ಗಂಟೆ ರಾತ್ರಿಯಲ್ಲಿ ಆ ಪುಟ ತೆರೆದು
ತಾವೇ ಬರೆಸಿದ್ದನ್ನು ತಾವೇ ಓದುತ್ತಾ ಕೂತವರು
ಆಗ ನನಗೆ ಕಾಣಿಸುವುದಿಲ್ಲ.
ಈಗಲೂ ಕಾಣಿಸುವುದಿಲ್ಲ, ನಿಜ ಹೇಳಬೇಕೆಂದರೆ.
ಸಂಖ್ಯೆ ಕಾಣುತ್ತದೆ.

ಪಟ್ಟಿ ಮುಚ್ಚಿದೆ. ಶೀರ್ಷಿಕೆ ಅಳಿಸಿದೆ.
ಅಳತೆ, ಬೆಲೆ. ಆಮೇಲೆ ಒಂದೇ ಮಾತು:
'ಹಳೆಯದನ್ನು ನಾವೇ ಒಯ್ಯುತ್ತೇವೆ, ಮೆಲ್ಲಗೆ.'
ಇಂಗ್ಲಿಷಿನಲ್ಲಿ ಎಣಿಸಿದೆ. ಇಪ್ಪತ್ತೇಳು.
ಮೂರು ಅಕ್ಷರದ ಜಾಗ
ಹಾಗೇ ಬಿಟ್ಟೆ.