ಒಂದು ಮಿಲಿಮೀಟರಿಗೆ ಒಂದು ಕಿಲೋಮೀಟರು

ಗೋಡೆ ಮುಗಿದು ಮರದ ಪಟ್ಟಿ ಶುರುವಾಗುವಲ್ಲಿ ಭೂಮಿ.
ಅಲ್ಲಿಂದ ಅಳೆದು, ಮಿಲಿಮೀಟರಿಗೊಂದು ಕಿಲೋಮೀಟರಿನಂತೆ
ಗ್ರಾಫ್ ಹಾಳೆ ಅಂಟಿಸಿದೆ
ಸೊದಾಂಕ್ಯುಲದ ಈ ಕೋಣೆಯಲ್ಲಿ, ಕಾಫಿ ಯಂತ್ರದ ಪಕ್ಕ.
ಬಾಹ್ಯಾಕಾಶ ಬಾಹ್ಯಾಕಾಶ ಅಂದದ್ದು
ನೋಡಿದರೆ ನನ್ನ ಸೊಂಟಕ್ಕೂ ಬರಲಿಲ್ಲ.

ಹಾಲಿನ ಡಬ್ಬಿಯಷ್ಟು ಪೆಟ್ಟಿಗೆ. ತಿಲ್ಹಿ ಅಂತ ಹೆಸರು,
ಚಳಿಗಾಲದ ಕೆಂಪು ಹಣ್ಣಿಗೆ ಮುಗಿಬೀಳುವ
ಜುಟ್ಟಿನ ಹಕ್ಕಿಯದು.
ಬೆಸುಗೆ ಹಾಕಿದ್ದು ಔಲುವಿನ ಐದು ಹುಡುಗ ಹುಡುಗಿಯರು;
ಹಾರಿದ ದಿನ ಕೇಕು ಕತ್ತರಿಸಿದರು,
ಪದವಿ ಮುಗಿಸಿ ಚದುರಿದರು.
ಸೈಮಿ ಈಗ ತಂಪೆರೆಯಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾಳಂತೆ.
ಉಳಿದವರದು ಗೊತ್ತಿಲ್ಲ.
ಪೆನ್ಸಿಲು ನನ್ನ ಕೈಗೆ ಬಂತು.

ಪ್ರತಿ ಶುಕ್ರವಾರ ಎರಡು ಚುಕ್ಕೆ:
ಅತಿ ದೂರಕ್ಕೆ ಕೆಂಪು, ಅತಿ ಹತ್ತಿರಕ್ಕೆ ನೀಲಿ.
ಆರುನೂರ ನಲವತ್ತು, ನಾನೂರ ಎಪ್ಪತ್ತು.
ಮೊಟ್ಟೆಯಂಥ ದಾರಿ. ಹತ್ತಿರ ಬಂದಾಗಲೆಲ್ಲ
ಗಾಳಿಯ ಎಳೆಯೊಂದು ಮೈಗೆ ತಾಗುವುದು,
ಗಾಳಿ ಅನ್ನಲೂ ನಾಚಿಕೆಯಾಗುವಷ್ಟು ತೆಳುವು.
ಹನಿಗೂಡಿ ಹಳ್ಳ. ಇಲ್ಲಿ ಕಣಗೂಡಿ ಇಳಿಜಾರು.
ವಿಚಿತ್ರ: ತಾಗಿಸಿಕೊಂಡದ್ದು ನೀಲಿ,
ಕುಸಿದದ್ದು ಕೆಂಪು.
ಪೆಟ್ಟು ಬಿದ್ದ ಕಡೆ ಗಾಯವಿಲ್ಲ,
ಎದುರು ತುದಿಯಲ್ಲಿ ಕುಂಟು.

ಮೊದಲ ವರ್ಷ ಸ್ಟೂಲಿನ ಮೇಲೆ ಕೂತು ಗುರುತು ಹಾಕಿದೆ.
ಎರಡನೆಯ ವರ್ಷ ಮಂಡಿಯೂರಿ.
ಹಿಲ್ಯಾ ನೆಲ ಒರೆಸುತ್ತ ಕೇಳಿದಳು,
ಏನು ರೈಲಿ, ಪ್ರಾರ್ಥನೆಯೋ?
ಲೆಕ್ಕ ಅಂದೆ.
ಅವಳು ಪೊರಕೆ ಎತ್ತಿ, ಹಾಳೆ ಬಿಟ್ಟು
ಆಚೆ ಈಚೆ ಗುಡಿಸಿದಳು.

ಅಕ್ಟೋಬರಿನಲ್ಲಿ ಮೂರು ರಾತ್ರಿ
ಬಾನು ಹಸಿರಾಗಿ ಹೊತ್ತಿತು, ಅಂಚಿಗೆ ಕುಂಕುಮದ ಬಣ್ಣ.
ಕಿಟಿನೆನ್ ಹೊಳೆಯ ದಡದಲ್ಲಿ ಬಸ್ಸು ಬಸ್ಸು ಪ್ರವಾಸಿಗಳು
ಫೋನು ಎತ್ತಿ ಹಿಡಿದು ಕೂಗಿದ್ದು ಇಲ್ಲಿಗೂ ಕೇಳಿತು.
ನಾನು ಹೊರಗೆ ಹೋಗಲಿಲ್ಲ.
ಸೂರ್ಯ ಸೀನಿದರೆ ನಮ್ಮ ಗಾಳಿ ಉಬ್ಬುತ್ತದೆ,
ಹಿಟ್ಟು ಹುಳಿಬಂದ ಹಾಗೆ
ಪಾತ್ರೆ ಮೀರಿ ಮೇಲಕ್ಕೆ.
ಶುಕ್ರವಾರ ನೋಡಿದರೆ ಒಂದೇ ವಾರಕ್ಕೆ ಒಂಬತ್ತು ಕಿಲೋಮೀಟರು.
ಗೆರೆಯಲ್ಲಿ ಒಂದು ಮೆಟ್ಟಿಲು.
ಆ ಚೆಲುವಿನ ಬಿಲ್ಲು ಬಂದದ್ದು ನನ್ನ ಹಾಳೆಗೆ.

ಮೂವತ್ತು ವರ್ಷ ಕಲಿಸಿದ ಮಾತು, ನನಗೇ ಪೂರ್ತಿ ಒಗ್ಗಿಲ್ಲ:
ತಡೆದಷ್ಟೂ ಅದು ನಿಧಾನವಾಗುವುದಿಲ್ಲ,
ಇಳಿದಷ್ಟೂ ಓಟ ಜಾಸ್ತಿ.
ತೊಂಬತ್ತೈದೂವರೆ ನಿಮಿಷದ ಸುತ್ತು
ತೊಂಬತ್ತೆರಡಾಯಿತು, ತೊಂಬತ್ತಾಯಿತು,
ಅಡುಗೆ ಮುಗಿಯುವ ಮೊದಲೇ
ಬಾಗಿಲಲ್ಲಿ ನಿಂತ ನೆಂಟನ ಹಾಗೆ
ದಿಗಂತದಲ್ಲಿ ಹಾಜರು;
ಆಂಟೆನಾ ಇನ್ನೂ ಕತ್ತು ತಿರುಗಿಸುತ್ತಿತ್ತು.

ಮುನ್ನೂರ ಎಂಬತ್ತರ ಹತ್ತಿರ ಕೆಂಪು ನೀಲಿ ಕೂಡಿದವು.
ಮೊಟ್ಟೆ ಹೋಗಿ ಬಳೆ. ಇಡೀ ಹಾಳೆಯಲ್ಲಿ
ಅಷ್ಟು ದುಂಡಗೆ ಅದು ಎಂದೂ ಇರಲಿಲ್ಲ,
ಅದಾದ ಮೇಲೆ ಉಳಿದದ್ದು ಕೆಲವೇ ತಿಂಗಳು.
ಇದರಲ್ಲಿ ಅರ್ಥ ಹುಡುಕಬಾರದು ಅಂದುಕೊಂಡೆ,
ಹುಡುಕಿದೆ.

ಕೊನೆಯ ವಾರ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ,
ಕನ್ನಡಕ ಹಾಳೆಗೆ ತಾಗುವಷ್ಟು ಸಮೀಪ.
ದಿನಕ್ಕೊಂದು ಚುಕ್ಕೆ, ಆಮೇಲೆ ಸುತ್ತಿಗೊಂದು.
ಬಿತ್ತು ಬಿತ್ತು ಅಂತ ಸೈಮಿಗೆ ಬರೆಯಹೋಗಿ ಕೈ ತಡೆದೆ:
ಬೀಳುತ್ತಲೇ ಇತ್ತಲ್ಲ ಮೊದಲ ದಿನದಿಂದ,
ನೆಲಕ್ಕೆ ಗುರಿ ತಪ್ಪುತ್ತ ತಪ್ಪುತ್ತ,
ಅದನ್ನೇ ಅಲ್ಲವೆ ನಾವು ಹಾರುವುದು ಅಂದದ್ದು.

ಕೊನೆಯ ಚುಕ್ಕೆ ನೂರ ನಲವತ್ತೆರಡು.
ಮುಂದಿನ ಸುತ್ತಿಗೆ ಕಿವಿಯಲ್ಲಿ ಬರೀ ಸರಸರ.

ಚುಕ್ಕೆಯಿಂದ ಮರದ ಪಟ್ಟಿಗೆ ಒಂದು ಚೋಟು ಖಾಲಿ.
ಸ್ಕೇಲು ಇಟ್ಟು ಎಳೆದುಬಿಡಬಹುದು,
ಯಾರೂ ಬೇಡ ಅನ್ನುವುದಿಲ್ಲ.
ಎಳೆಯಲಿಲ್ಲ.

ಸೈಮಿಯ ಉತ್ತರ ಬಂತು ರಾತ್ರಿ ಹನ್ನೊಂದಕ್ಕೆ:
ಬ್ಯಾಟರಿ ಕೊನೆವರೆಗೂ ಇತ್ತಾ?
ಇತ್ತು ಅಂದೆ.

ಬೆಳಿಗ್ಗೆ ಹಿಲ್ಯಾ ಬಂದು, ಇನ್ನೇನು, ಒರೆಸಬಹುದಲ್ಲ ಅಂತ
ಒದ್ದೆ ಬಟ್ಟೆ ಹಿಂಡಿ
ಆ ಪಟ್ಟಿಯ ಉದ್ದಕ್ಕೂ ಎಳೆದಳು.
ಭೂಮಿ ಇನ್ನೂ ಆರಿಲ್ಲ.