ಇತರೆ

ಅರ್ಜಿಯಲ್ಲಿ ನಾಲ್ಕು ಚೌಕ.
ಉನ್ನತ ವ್ಯಾಸಂಗ, ಉದ್ಯೋಗ, ವಲಸೆ.
ನಾಲ್ಕನೆಯದು ಇತರೆ.
ಅದರ ಮುಂದೊಂದು ಗೆರೆ, ಬಳೆಯಗಲದ್ದು:
ಕಾರಣ ಬರೆಯಿರಿ.

ಸರಸ್ವತಿಪುರದ ಆ ಮಹಡಿ ಮೇಲಿನ ಕೋಚಿಂಗಿನಲ್ಲಿ
ಉಳಿದವರೆಲ್ಲ ಮೊದಲ ಮೂರರಲ್ಲೇ ಮುಗಿಸಿದರು.
ನರ್ಸ್ ಹುಡುಗಿ ಜೆಸಿಂತಾಗೆ ಐರ್ಲೆಂಡು.
ಮಂಡಿ ಮೊಹಲ್ಲಾದ ರುಖಿಯಾಗೆ ಗಂಡನಿರುವ ಊರು:
ನಿಕಾ ಆಗಿ ಹದಿನಾಲ್ಕು ತಿಂಗಳು, ಜೊತೆಗಿದ್ದದ್ದು ಹನ್ನೊಂದು ದಿನ.
ಕೋಳಿ ಫಾರಂ ಮಾರಿ ಬಂದ ತೇಜೇಗೌಡನಿಗೆ
ಯಾವ ದೇಶವಾದರೂ ಸರಿ, ಆರೂವರೆ ಬಂದರೆ ಸಾಕು.
"ಆಂಟಿ, ನಿಮಗೆ ಯಾವ ಕಂಟ್ರಿ?"
ಮಂಡ್ಯ, ಅಂದೆ.
ನಕ್ಕರು. ನಾನೂ ನಕ್ಕೆ.

ಮಂಡ್ಯದ ಕೋರ್ಟಿನ ಪಕ್ಕ, ಹೊಂಗೆಮರದ ಕೆಳಗೆ
ಮೂವತ್ತೊಂದು ವರ್ಷದಿಂದ ಟೈಪು ಮಾಡುತ್ತಿದ್ದೇನೆ.
ಮೊದಲು ರೆಮಿಂಗ್ಟನ್, ಆಮೇಲೆ ಕಂಪ್ಯೂಟರು,
ಕರೆಂಟು ಹೋದರೆ ಮತ್ತೆ ರೆಮಿಂಗ್ಟನ್.
ಹಿಯರ್‌ಇನ್‌ಆಫ್ಟರ್, ವೇರ್‌ಆಸ್, ದಿ ಸೆಡ್ ಪ್ರಾಪರ್ಟಿ.
ಕಣ್ಣಿಂದ ಬೆರಳಿಗೆ ನೇರ ರಸ್ತೆ,
ನಡುವೆ ತಲೆಯೆಂಬ ಊರಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ.
ಕಾಗುಣಿತ ತಪ್ಪಿದರೆ ವಕೀಲರು ಬಯ್ಯುತ್ತಿದ್ದರು,
ಅರ್ಥ ತಿಳಿಯದಿದ್ದರೆ ಯಾರೂ ಬಯ್ಯಲಿಲ್ಲ.
ನನ್ನ ಬೆರಳಿಗೆ ಇಂಗ್ಲಿಷ್ ಬರುತ್ತದೆ.
ನನಗೆ ಬರುವುದಿಲ್ಲ.

ಯಾವ ವರ್ಷವೋ, ನಾಲೆಗೆ ನೀರು ಬಿಟ್ಟಿದ್ದ ವಾರ.
ಕೀಲಾರದ ದೊಡ್ಡತಾಯಮ್ಮ ಮೈದುನರ ನಡುವೆ ನಿಂತು
"ವಸಿ ಓದಿ ಯೋಳವ್ವ, ಏನ್ ಬರ್ದದೆ ಇದ್ರಲ್ಲಿ" ಅಂದಳು.
ಓದಿದೆ.
ಗಡಗಡ, ಒಂದೇ ಉಸಿರಿಗೆ, ಇಂಗ್ಲಿಷಿನಲ್ಲೇ.
ಮಂತ್ರ ಕೇಳಿದ ಹಾಗೆ ಅವಳು ಸೆರಗು ಹೊದ್ದು ತಲೆಯಾಡಿಸಿದಳು.
ಅವಳ ಹೆಬ್ಬೆಟ್ಟಿಗೆ ನೀಲಿ ಹಚ್ಚಿದವಳು ನಾನೇ,
ಒರೆಸಿಕೊಳ್ಳಲೆಂದು ಹಾಳಾದ ಹಾಳೆ ಕೊಟ್ಟವಳೂ.
ಹದಿನೆಂಟು ರೂಪಾಯಿ ಆಯಿತು.
ಇಪ್ಪತ್ತು ಕೊಟ್ಟು, ಇರಲಿ ಬುಡವ್ವ, ಅಂದಳು.

ಗ್ಲೆಂಡಾ ಮಿಸ್ಸು ಒಂದು ಸಂಜೆ ಕರ್ಮಣಿ ಪ್ರಯೋಗ ಹೇಳಿಕೊಟ್ಟು
ಒಂದು ವಾಕ್ಯ ಬರೆಯಿರಿ, ಮಾಡಿದವರ ಹೆಸರು ಕಾಣಬಾರದು, ಅಂದರು.
ಪಕ್ಕದಲ್ಲಿ ರುಖಿಯಾ ಪೆನ್ನು ಕಚ್ಚುತ್ತಿದ್ದಳು.
ನನ್ನ ಕೈ ತಾನಾಗಿ ಬರೆಯಿತು,
ಪ್ರತಿ ಪತ್ರದ ಬುಡದಲ್ಲಿ ಎಷ್ಟು ಸಾವಿರ ಸಲ ಹೊಡೆದಿದ್ದೆನೋ ಅದೇ ಸಾಲು:
ಓದಿ ಹೇಳಲಾಗಿದೆ, ಕನ್ನಡದಲ್ಲಿ ವಿವರಿಸಲಾಗಿದೆ,
ಅರ್ಥವಾಗಿದೆಯೆಂದು ಒಪ್ಪಲಾಗಿದೆ.
"ವೆರಿ ಗುಡ್, ಭ್ರಮರಾಂಬ.
ನೋಡಿ, ಯಾರು ಓದಿ ಹೇಳಿದ್ದು ಅಂತಲೇ ಇಲ್ಲ.
ಆದರೂ ವಾಕ್ಯ ಪೂರ್ತಿ."
ಕೆಂಪು ಶಾಯಿಯಲ್ಲಿ ರೈಟು ಹಾಕಿದರು.

ಆ ದುಡ್ಡಿಗೆ ಒಂದು ಮೂಗುಬೊಟ್ಟು ಬರುತ್ತಿತ್ತು ಅಂದಳು ನಾದಿನಿ.
ನಿಜ, ಬರುತ್ತಿತ್ತು.

ಪರೀಕ್ಷೆಯ ದಿನ ಮೊದಲ ಪ್ಯಾಸೆಂಜರಿಗೆ ಮೈಸೂರು.
ಬಾಗಿಲಲ್ಲಿ ಹುಡುಗ ಗಾಜಿನ ಡಬ್ಬಿ ತೋರಿಸಿ
"ಹೆಬ್ಬೆಟ್ಟು ಇಡಿ ಮೇಡಂ" ಅಂದ.
ಮೂರು ಸಲ ಇಟ್ಟರೂ ಯಂತ್ರಕ್ಕೆ ನಾನು ಗೊತ್ತಾಗಲಿಲ್ಲ.
ಗೆರೆ ಸವೆದಿದೆ, ಬಟ್ಟೆ ಒಗೀತೀರಾ, ಅಂತ ಕೇಳಿದ.
ಅದೂ ಉಂಟು, ಅಂದೆ.

ಒಳಗೆ ಆ ಹೆಂಗಸು ಮೆಲ್ಲಗೆ ಕೇಳಿದಳು, ನಿಮ್ಮ ಕೆಲಸದ ಬಗ್ಗೆ ಹೇಳಿ.
ಐ ಟೈಪ್, ಅಂದೆ.
ಆಮೇಲೆ ಫ್ಯಾನು ತಿರುಗುವುದು ಕೇಳಿಸಿತು,
ಬಹಳ ಹೊತ್ತು.
ಐ ಟೈಪ್, ಬಟ್
ಅಂದೆ. ಆ 'ಬಟ್' ಮುಂದೆ ಏನಿತ್ತೋ
ಅದಕ್ಕೆ ಬೇಕಾದ ಮಾತು ಗಂಟಲಿನವರೆಗೂ ಬಂದಿತ್ತು,
ಬಂದದ್ದು ಕನ್ನಡದಲ್ಲಿ.

ಓದಿಗೆ ಆರು. ಮಾತಿಗೆ ನಾಲ್ಕೂವರೆ.
ಈ ಅಂಕಕ್ಕೆ ಯಾವ ದೇಶವೂ ಕರೆಯುವುದಿಲ್ಲ ಅಂದ ತೇಜೇಗೌಡ,
ಪಾಪ, ನೊಂದುಕೊಂಡೇ.

ಸೋಮವಾರ ಹೊಂಗೆಯ ಕೆಳಗೆ ಒಬ್ಬ ಮುದುಕ,
ಬೆಸಗರಹಳ್ಳಿ ಕಡೆಯವನು, ಜೊತೆಗೆ ಅವಸರದ ಇಬ್ಬರು.
ಬೆರಳಿಟ್ಟು ಒಂದೊಂದೇ ಸಾಲು ಓದಿದೆ, ಕನ್ನಡ ಮಾಡಿ ಹೇಳಿದೆ.
ಏಳನೆಯ ಸಾಲಿಗೆ ನಿಂತೆ.
"ಇದೊಂದು ಪದ ನಂಗೆ ಗೊತ್ತಿಲ್ಲ ಯಜಮಾನರೇ.
ವಕೀಲರನ್ನ ಕೇಳ್ಕಂಡ್ ಬತ್ತೀನಿ.
ಹೆಬ್ಬೆಟ್ಟು ಈಗಲೇ ಒತ್ತಬ್ಯಾಡಿ."