ಹಿಂದಿಕ್ಕುವಂತಿಲ್ಲ

ಕೆಂಪು ಬಳಿದ ಬೀದಿ. ಮೊದಲಲ್ಲೇ ನೀಲಿ ಫಲಕ:
ಮುಂದೆ ಸೈಕಲ್ಲು, ಅದರ ಬೆನ್ನಿಗೆ ಪುಟ್ಟದೊಂದು ಕಾರು,
ಅಮ್ಮನ ಸೆರಗು ಹಿಡಿದು ಅಂಗಡಿಗೆ ಹೊರಟ ಮಗುವಿನ ಹಾಗೆ.

ಗಂಟೆಗೆ ಮೂವತ್ತು ಮೀರುವಂತಿಲ್ಲ.
ಸೈಕಲ್ಲನ್ನು ಹಿಂದಿಕ್ಕುವಂತಿಲ್ಲ.
ಜೋಡಿಯಾಗಿ ಹೋದರೂ ಸರಿ, ಬೀದಿಯಗಲ ಅವರದೇ.
ಹಾರ್ನಿನ ಬಗ್ಗೆ ಫಲಕದಲ್ಲಿ ಏನೂ ಇಲ್ಲ.
ಒಮ್ಮೆ ಒತ್ತಿ ನೋಡಿದೆ. ಮುದುಕನೊಬ್ಬ ಸೈಕಲ್ಲಿಳಿದು
ನಿಧಾನ ನಡೆದು ಬಂದು ಕೇಳಿದ:
"ಯಾಕಪ್ಪಾ, ಯಾರಾದರೂ ಸತ್ತರೇ?"

ಸತ್ತದ್ದು ಮೀನು. ನಾನು ಮೀನಿನ ವ್ಯಾನಿನವನು.
ಓಸ್ಟೆಂಡಿನ ದಕ್ಕೆ ಬಿಟ್ಟು ಎಂಟಕ್ಕೆಲ್ಲ
ಗೆಂಟ್ ಸಂತೆಯಲ್ಲಿರಬೇಕು.
ಹಿಂದೆ ಹನ್ನೆರಡು ಪೆಟ್ಟಿಗೆ. ಐಸು ಕರಗಿ
ತೊಟ್ಟು ತೊಟ್ಟಾಗಿ ಸೋರುವುದು ನನ್ನ ಸಂಬಳ.

ಮಂಗಳವಾರ ಮುಂದೆ ಇಬ್ಬರು ಹುಡುಗಿಯರು.
ಒಬ್ಬಳ ಬ್ಯಾಗಿನಿಂದ ಹಾಕಿ ಕೋಲು ಇಣುಕುತ್ತಿತ್ತು,
ಇನ್ನೊಬ್ಬಳ ಮಡ್‌ಗಾರ್ಡು ಲೊಡಲೊಡ.
ಬೈಯಲೆಂದೇ ಕಿಟಕಿ ಇಳಿಸಿದೆ.
ಒಳಗೆ ಬಂದದ್ದು ಚಳಿ, ಚಳಿಯ ಹಿಂದೆ ಕತೆ:

"ಅಷ್ಟರಲ್ಲಿ ನಮ್ಮ ಹಾಜರ್ ಅತ್ತೆ, ಮದುವೆ ಬಟ್ಟೆಯಲ್ಲೇ,
ಅಡುಗೆಮನೆ ಕಿಟಕಿ ಹತ್ತಿ ಹೊರಗೆ ಜಿಗಿದಳು!"
"ಸುಳ್ಳು."
"ಅಲ್ಲಾನಾಣೆ. ಒಂದೇ ಕಾಲಲ್ಲಿ ಚಪ್ಪಲಿ. ಕೈಯಲ್ಲಿ ಹುರಿದ ಕೋಳಿ."
"ಓಡಿಹೋಗಲಿಕ್ಕಾ?"
"ಅಲ್ಲ ಕಣೇ ಯುತ್ತಾ, ಕೇಳು. ಹೊರಗೆ ನಿಂತಿದ್ದವನು..."

ಸೇತುವೆ ಬಂತು.
ಎಡಗೈ ಚಾಚಿ, ನಿಯಮ ತಪ್ಪದೆ,
ಇಬ್ಬರೂ ಎಡಕ್ಕೆ ಹೊರಳಿದರು.
ವ್ಯಾನಿಗೆ ಎಡಕ್ಕೆ ಪ್ರವೇಶವಿಲ್ಲ.

ಯಾರು ನಿಂತಿದ್ದ?
ಬಂಗುಡೆ ಇಳಿಸುವಾಗ ಅದೇ ಯೋಚನೆ.
ತಡವಾಯಿತೆಂದು ಫಿರ್ಮಿನ್ ಯಜಮಾನ ಕೂಗಾಡುವಾಗಲೂ ಅದೇ.
ಮದುವೆಯ ಗಂಡೇ? ಬೇರೆ ಯಾರೋ? ಕೋಳಿ ಯಾಕೆ?
ರಾತ್ರಿ ಹೆರ್ಲಿಂಡೆಗೆ ಹೇಳಿದೆ.
"ಹಸಿದವನಿರಬೇಕು" ಎಂದು ಮಗ್ಗುಲಾದಳು.

ಈಗ ಏಳೂ ನಲವತ್ತಕ್ಕೆ ಸರಿಯಾಗಿ ಬೀದಿಯ ತುದಿಗೆ ಬರುತ್ತೇನೆ.
ಬೇರೆ ದಾರಿ ಇದೆ, ಅಗಲ, ಆರು ನಿಮಿಷ ಬೇಗ.
ಅದರಲ್ಲಿ ಏನೂ ಕೇಳಿಸುವುದಿಲ್ಲ.

ಬುಧವಾರ ಅವರು ರಸಾಯನಶಾಸ್ತ್ರ ಬಾಯಿಪಾಠ ಮಾಡುತ್ತಿದ್ದರು.
ಗುರುವಾರ ಜಗಳ; ಒಬ್ಬರ ಹಿಂದೊಬ್ಬರು, ಮಾತಿಲ್ಲ.
ಶುಕ್ರವಾರ ಮತ್ತೆ ಜೋಡಿ, ಮಡ್‌ಗಾರ್ಡಿಗೆ ದಾರ ಕಟ್ಟಿತ್ತು.
ಹಿಂದಿನ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಾನೆ.
ನಾನು ಹದಿನಾಲ್ಕರ ವೇಗದಲ್ಲಿ, ಕಿಟಕಿ ತೆರೆದು,
ಆಮ್ಲ, ಕ್ಷಾರ, ಲವಣ ಎಲ್ಲ ಕಲಿತಿದ್ದೇನೆ.

ಕೋಳಿಯ ವಿಷಯ ಇನ್ನೂ ಬಂದಿಲ್ಲ.